ಜೋಡಿಯಾಟದ ಕಾಲ

ಕಳೆದ ಶತಮಾನ ಮುಗಿಯುತ್ತಿದ್ದ ಆ ದಿನಗಳಲ್ಲಿ ಬೆಂಗಳೂರಿನ ಪಡುವಣ ಬಡಾವಣೆಗಳಿಗೆ ಟೆನಿಸ್ಸಿನಲ್ಲಿ ಗೊತ್ತಿದ್ದುದು ಅದರ ಚೆಂಡು ಮಾತ್ರ. ರಾಜಾಜಿನಗರದ ಬ್ಲಾಕುಗಳಲ್ಲಿ, ವಿಜಯನಗರದ ಅಡ್ಡರಸ್ತೆಗಳಲ್ಲಿ, ಬಸವೇಶ್ವರನಗರದ ಖಾಲಿ ಸೈಟುಗಳಲ್ಲಿ ಶಾಲೆ ಬಿಟ್ಟೊಡನೆ ಆ ಚೆಂಡು ಹೊರಬರುತ್ತಿತ್ತು. ಅದರಿಂದ ಆಡುತ್ತಿದ್ದುದು ಕ್ರಿಕೆಟ್. ಮೇಲಿನ ನೂಲೆಲ್ಲ ಸವೆದು ಬೋಳಾಗುವವರೆಗೆ, ಮೋರಿಗೆ ಬಿದ್ದಾಗಲೆಲ್ಲ ಎತ್ತಿ ಗೋಡೆಗೆ ಬಡಿದು ನೀರುದುರಿಸಿ, ಅದನ್ನು ದುಡಿಸಿಕೊಳ್ಳುತ್ತಿದ್ದರು. ರಜೆಯ ದಿನ ಶಾಮಿಯಾನ ಕಟ್ಟಿ, ಮೈಕು ಹಾಕಿಸಿ, ಮೇಜಿನ ಮೇಲೆ ಕಪ್‌ಗಳನ್ನು ಜೋಡಿಸಿ ನಡೆಸುತ್ತಿದ್ದ ಪಂದ್ಯಾವಳಿಗೂ ‘ಟೆನಿಸ್ ಬಾಲ್ ಟೂರ್ನಮೆಂಟ್’ ಎಂದೇ ಹೆಸರು. ಯಾರದಾದರೂ ಮನೆಯ ಅಟ್ಟದಲ್ಲಿ ರ‍್ಯಾಕೆಟ್ ಇದ್ದರೆ ಅದು ಷಟಲ್ ಆಡುವುದು.

ಊರು ಬೆಳೆದ ಬಗೆಯೇ ಹಾಗಿತ್ತು. ರಾಜಾಜಿನಗರ 1949ರಲ್ಲಿ ಹುಟ್ಟಿದ್ದು ಕೈಗಾರಿಕಾ ಉಪನಗರವಾಗಿ. ಕಾರ್ಖಾನೆಯ ಪಾಳಿ ಮುಗಿಸಿ ಬರುವವರಿಗಾಗಿ. ಕೆಂಗೇರಿಯಂತೂ ಆಗಿನ್ನೂ ಬೇರೆ ಊರೇ. ಟೆನಿಸ್ ಅಂಗಣಗಳಿದ್ದುದು ಕ್ಲಬ್ಬುಗಳಲ್ಲಿ, ದಂಡಿನ ಕಡೆ, ಕಬ್ಬನ್ ಪಾರ್ಕಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಆವರಣದಲ್ಲಿ. ಅದು ದೊಡ್ಡವರ ಆಟ ಎಂಬ ಭಾವನೆಗೆ ಬಲ ಬಂದಿದ್ದು ಎಸ್.ಎಂ. ಕೃಷ್ಣ ಅವರು 1999ರಲ್ಲಿ ಮುಖ್ಯಮಂತ್ರಿಯಾದಾಗ. ಕೃಷ್ಣ ಸ್ವತಃ ಆಡುತ್ತಿದ್ದವರು, ಸಂಸ್ಥೆಯ ಅಧ್ಯಕ್ಷರಾಗಿಯೂ ಇದ್ದವರು. ‘ಟೆನಿಸ್ ಆಡುವ ಮುಖ್ಯಮಂತ್ರಿ’ ಎಂಬ ಮಾತಿನಲ್ಲಿ ಎಷ್ಟು ಹೆಮ್ಮೆಯಿತ್ತೋ ಅಷ್ಟೇ ಕೊಂಕೂ ಇತ್ತು.

ಇಂಥ ಊರಿಗೆ 1997ರ ಜೂನ್‌ನಲ್ಲಿ ಪ್ಯಾರಿಸ್ಸಿನಿಂದ ಸುದ್ದಿ ಬಂತು. ಬೆಂಗಳೂರಿನಲ್ಲಿ ನೆಲೆಸಿದ್ದ ಮಹೇಶ್ ಭೂಪತಿ ಜಪಾನಿನ ರಿಕಾ ಹಿರಾಕಿ ಜೊತೆಗೂಡಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದಿದ್ದರು. ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ. ಹುಟ್ಟಿದ್ದು ಮದರಾಸಿನಲ್ಲಾದರೂ ಪತ್ರಿಕೆಗಳು ಅವರನ್ನು ನಮ್ಮವರೆಂದೇ ಬರೆದುಕೊಂಡವು. ಆದರೆ ಆ ಮೆಚ್ಚುಗೆಯ ಬಾಲಕ್ಕೊಂದು ‘ಆದರೆ’ ಅಂಟಿಕೊಂಡಿತ್ತು: ಗೆದ್ದಿದ್ದು ಡಬಲ್ಸ್, ಅದೂ ಮಿಶ್ರ ಡಬಲ್ಸ್. ಒಬ್ಬನೇ ನಿಂತು ಗೆದ್ದರೆ ಮಾತ್ರ ಗೆಲುವು ಎಂಬ ಅಳತೆಗೋಲು ಅಂದಿನಿಂದ ಕಾಲು ಶತಮಾನ ಈ ಆಟಗಾರರ ಬೆನ್ನು ಬಿಡಲಿಲ್ಲ. ಹೀಗೆ ಅಳೆದವರಲ್ಲಿ ಹೆಚ್ಚಿನವರು ಡಬಲ್ಸ್ ಪಂದ್ಯವೊಂದನ್ನು ಪೂರ್ತಿ ನೋಡಿದ್ದರೋ ಇಲ್ಲವೋ ಎಂಬ ಅನುಮಾನ ನನಗಿದೆ.

1999 ಬಂತು. ಭೂಪತಿ ಮತ್ತು ಲಿಯಾಂಡರ್ ಪೇಸ್ ಆ ವರ್ಷ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳ ಫೈನಲ್ ತಲುಪಿ, ಪ್ಯಾರಿಸ್ ಮತ್ತು ವಿಂಬಲ್ಡನ್ ಗೆದ್ದರು. ವಿಂಬಲ್ಡನ್ ಗೆಲುವು ಬಂದಾಗ ಕಾರ್ಗಿಲ್ ಶಿಖರಗಳಲ್ಲಿ ಯುದ್ಧ ನಡೆಯುತ್ತಿತ್ತು. ಓಣಿ ಓಣಿಗಳಲ್ಲಿ ಯೋಧರ ನಿಧಿಗೆ ಡಬ್ಬಿ ಹಿಡಿದು ಹೊರಟಿದ್ದರು. ಎದೆಗೆ ಎದೆ ತಾಗಿಸಿ ಸಂಭ್ರಮಿಸುವ ಆ ಇಬ್ಬರ ಚಿತ್ರ ಅಂಥ ಹೊತ್ತಿನಲ್ಲಿ ಜನರಿಗೆ ಹಿಡಿಸಿತು. ಮರುವರ್ಷದ ಡಿಸೆಂಬರಿನಲ್ಲಿ ವಿಶ್ವ ಡಬಲ್ಸ್ ಚಾಂಪಿಯನ್‌ಷಿಪ್ ಬೆಂಗಳೂರಿಗೇ ಬಂತು. ಪೇಸ್–ಭೂಪತಿ ತಮ್ಮವರ ಕಣ್ಣೆದುರೇ ಫೈನಲ್ ತಲುಪಿ, ಡೊನಾಲ್ಡ್ ಜಾನ್ಸನ್ ಮತ್ತು ಪೀಟ್ ನಾರ್ವಲ್‌ಗೆ ಸೋತರು.

ಆಮೇಲಿನದು ಮುನಿಸಿನ ಅಧ್ಯಾಯ. ಇಬ್ಬರೂ ಬೇರೆಯಾದರು, ಕೂಡಿದರು, ಮತ್ತೆ ಬೇರೆಯಾದರು. ಪತ್ರಿಕೆಗಳಿಗೆ ಈ ಜೋಡಿ ಹೆಚ್ಚು ಬೇಕಾಗಿದ್ದು ಈ ವರ್ಷಗಳಲ್ಲೇ. ಡಬಲ್ಸ್ ಆಟದ ಸೂಕ್ಷ್ಮವನ್ನು, ಅಂದರೆ ನೆಟ್‌ ಬಳಿ ನಿಂತವನು ಬೆನ್ನ ಹಿಂದೆ ಬೆರಳಲ್ಲಿ ಮಾಡುವ ಸನ್ನೆ, ಸರ್ವ್ ಮಾಡುವವನು ಅದಕ್ಕೆ ತಕ್ಕಂತೆ ಕೋನ ಬದಲಿಸುವುದು, ಎದುರಾಳಿಯ ರಿಟರ್ನ್ ಹೊರಡುವ ಮೊದಲೇ ಇವನು ಅಡ್ಡ ಹಾಯುವುದು, ಇವನ್ನೆಲ್ಲ ಬಿಡಿಸಿ ಬರೆದವರು ಕಡಿಮೆ. ಯಾರು ಯಾರೊಡನೆ ಮಾತು ಬಿಟ್ಟರು ಎಂಬುದನ್ನು ಎಲ್ಲರೂ ಬರೆದರು. ಓದುವವರಿಗೂ ಅದು ಸಲೀಸಾಗಿತ್ತು. ಮೂವತ್ತು–ನಲವತ್ತರ ಸೈಟನ್ನು ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿ ಹಂಚಿಕೊಂಡಿದ್ದನ್ನು ಕಂಡ ಬಡಾವಣೆಗಳಿವು. ದಾಯಾದಿ ಕಲಹ ಎಂದರೆ ವಿವರಿಸಿ ಹೇಳಬೇಕಿರಲಿಲ್ಲ. ಕ್ಷೌರದಂಗಡಿಯ ಬೆಂಚಿನ ಮೇಲೆ ಪೇಸ್ ಪಕ್ಷ, ಭೂಪತಿ ಪಕ್ಷ ಎಂದು ಎರಡಾದವು. ಆ ಬೆಂಚಿನಲ್ಲಿ ಕುಳಿತವರು ಅವರಿಬ್ಬರ ಆಟ ನೋಡಿದ್ದು ಸುದ್ದಿವಾಹಿನಿಯ ತುಣುಕಿನಲ್ಲಿ, ಅದೂ ಜಗಳದ ವರದಿಯ ಹಿನ್ನೆಲೆಯಲ್ಲಿ.

ಹೆಣ್ಣುಮಗಳ ಪಾಡು ಇನ್ನೂ ಬಿಗಿ. ಹೈದರಾಬಾದಿನ ಸಾನಿಯಾ ಮಿರ್ಜಾ 2005ರಲ್ಲಿ ತಮ್ಮೂರಿನಲ್ಲೇ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳಾದರು. 2007ರಲ್ಲಿ ಸಿಂಗಲ್ಸ್ ರ‍್ಯಾಂಕಿಂಗ್ 27ಕ್ಕೆ ಏರಿತು. ಇಲ್ಲಿ ‘ಬರೀ ಡಬಲ್ಸ್’ ಎನ್ನಲು ಎಡೆಯಿರಲಿಲ್ಲ. ಅದಕ್ಕೇ ಏನೋ, ಬೇರೆ ಅಳತೆಗೋಲುಗಳು ಹೊರಬಂದವು. ಮೊದಲು ಸ್ಕರ್ಟಿನ ಉದ್ದ, ಬಳಿಕ ಮೆಕ್ಕಾ ಮಸೀದಿಯ ಬಳಿಯ ಜಾಹೀರಾತು ಚಿತ್ರೀಕರಣ, 2008ರ ಆರಂಭದಲ್ಲಿ ಪರ್ತ್‌ನಲ್ಲಿ ರಾಷ್ಟ್ರಧ್ವಜದ ಸಮೀಪ ಕಾಲು ಚಾಚಿ ಕುಳಿತಿದ್ದ ಒಂದು ಛಾಯಾಚಿತ್ರ. ಚಿತ್ರ ತೆಗೆದ ಕೋನ ಯಾವುದು, ಧ್ವಜ ಎಷ್ಟು ದೂರದಲ್ಲಿತ್ತು ಎಂದು ಕೇಳುವ ಮೊದಲೇ ದೂರು ದಾಖಲಾಗಿತ್ತು. ಫೆಬ್ರುವರಿಯಲ್ಲಿ ಸಾನಿಯಾ, ಮುಂದಿನ ತಿಂಗಳ ಬೆಂಗಳೂರು ಓಪನ್‌ನಲ್ಲಿ ಆಡುವುದಿಲ್ಲ ಎಂದರು: ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ತೊಂದರೆಯಾಗುತ್ತಿದೆ, ಬೇಡ.

ಈ ನಗರದ ಟೆನಿಸ್ ಇತಿಹಾಸದಲ್ಲಿ ಅದಕ್ಕಿಂತ ನಾಚಿಕೆಯ ಸಂಗತಿ ನನಗೆ ಬೇರೆ ಕಾಣದು. ಸಾನಿಯಾ ಬಾರದ ಆ ಮಾರ್ಚಿನಲ್ಲಿ ಕಬ್ಬನ್ ಪಾರ್ಕಿಗೆ ಬಂದವರು ವಿಲಿಯಮ್ಸ್ ಸೋದರಿಯರು. ಸೆಮಿಫೈನಲ್‌ನಲ್ಲಿ ಸೆರೆನಾ ಅಕ್ಕ ವೀನಸ್‌ಳ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ಮೂರನೆಯ ಸೆಟ್ಟಿನ ಟೈಬ್ರೇಕರ್‌ನಲ್ಲಿ ಗೆದ್ದು, ಮುಂದೆ ಪ್ಯಾಟಿ ಶ್ನೈಡರ್‌ರನ್ನು ಮಣಿಸಿ ಪ್ರಶಸ್ತಿ ಎತ್ತಿದರು. ಜಗತ್ತಿನ ಯಾವ ಊರೂ ಆಸೆಪಡುವಂಥ ಪಂದ್ಯ ನಮ್ಮೂರಿನ ಮರಗಳ ನಡುವೆ ನಡೆಯಿತು; ನಮ್ಮ ದೇಶದ ಅಗ್ರ ಆಟಗಾರ್ತಿಯೊಬ್ಬಳು ಮಾತ್ರ ಅಂಗಣಕ್ಕಿಳಿಯಲಿಲ್ಲ.

ಈ ಗದ್ದಲದ ಮರೆಯಲ್ಲಿ ಒಬ್ಬರು ಸದ್ದಿಲ್ಲದೆ ಮೇಲೇರುತ್ತಿದ್ದರು. ರೋಹನ್ ಬೋಪಣ್ಣ ಹುಟ್ಟಿದ್ದು 1980ರಲ್ಲಿ ಬೆಂಗಳೂರಿನಲ್ಲಿ, ಬೆಳೆದಿದ್ದು ಕೊಡಗಿನ ಕಾಫಿ ತೋಟದಲ್ಲಿ. 2002ರಲ್ಲಿ ಡೇವಿಸ್ ಕಪ್ ಪ್ರವೇಶ, ಮೊದಲ ಎಟಿಪಿ ಪ್ರಶಸ್ತಿಗೆ 2008ರವರೆಗೆ ಕಾಯಬೇಕಾಯಿತು. ಜನ ಅವರ ಹೆಸರು ಹಿಡಿದು ಮಾತಾಡಿದ್ದು 2010ರಲ್ಲಿ, ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್ ತಲುಪಿದಾಗ. ಬ್ರಯಾನ್ ಸೋದರರ ಎದುರು ಎರಡೂ ಸೆಟ್ಟು ಟೈಬ್ರೇಕರ್‌ನಲ್ಲಿ ಕೈಜಾರಿದವು. ವಿಶ್ವಸಂಸ್ಥೆಯಲ್ಲಿನ ಭಾರತ ಮತ್ತು ಪಾಕಿಸ್ತಾನದ ರಾಯಭಾರಿಗಳು ಪ್ರೇಕ್ಷಕರ ನಡುವೆ ಜೊತೆಯಾಗಿ ಕುಳಿತು ಆ ಪಂದ್ಯ ನೋಡಿದರು. ಆ ವರ್ಷದ ಮಟ್ಟಿಗೆ ಈ ಜೋಡಿ ಶಾಂತಿಯ ಸಂಕೇತ. ಗಡಿಯಲ್ಲಿ ಬಿಸಿಯೇರಿದ ಇನ್ನೊಂದು ವರ್ಷವಾಗಿದ್ದರೆ ಕ್ಷೌರದಂಗಡಿಯ ಅದೇ ಬೆಂಚು ಬೋಪಣ್ಣರನ್ನು ಏನೆನ್ನುತ್ತಿತ್ತೋ. ಅದೇ 2010ರಲ್ಲಿ ಖುರೇಷಿಯ ನಾಡಿನ ಕ್ರಿಕೆಟಿಗನನ್ನು ಮದುವೆಯಾದ ಸಾನಿಯಾ, 2014ರಲ್ಲಿ ತೆಲಂಗಾಣದ ರಾಜಕಾರಣಿಯೊಬ್ಬರ ಬಾಯಲ್ಲಿ ‘ಪಾಕಿಸ್ತಾನದ ಸೊಸೆ’ ಆಗಿಬಿಟ್ಟರು.

2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಬೋಪಣ್ಣರನ್ನೂ ಜಗಳದೊಳಗೆ ಎಳೆದುಕೊಂಡಿದ್ದಾಯಿತು. ಅಖಿಲ ಭಾರತ ಟೆನಿಸ್ ಸಂಸ್ಥೆ ಮೊದಲು ಪೇಸ್ ಜೊತೆ ಭೂಪತಿಯನ್ನು ಹೆಸರಿಸಿತು, ಭೂಪತಿ ಒಲ್ಲೆನೆಂದರು. ಬೋಪಣ್ಣರನ್ನು ಕೇಳಿತು, ಅವರೂ ಒಲ್ಲೆನೆಂದರು. ಭೂಪತಿ–ಬೋಪಣ್ಣ ಆ ಋತುವಿನುದ್ದಕ್ಕೂ ಜೊತೆಯಾಗಿ ಆಡುತ್ತಿದ್ದ ಜೋಡಿ, ಅದಕ್ಕಾಗಿಯೇ ಆಡುತ್ತಿದ್ದವರು. ಕಡೆಗೆ ಎರಡು ತಂಡ ಕಳಿಸಿದರು; ಪೇಸ್ ಜೊತೆಗೆ ಯುವಕ ವಿಷ್ಣುವರ್ಧನ್. ಒಬ್ಬ ಹಿರಿಯ ಆಟಗಾರನನ್ನು ಸಮಾಧಾನಪಡಿಸಲು, ಮಿಶ್ರ ಡಬಲ್ಸ್ ಜೊತೆಗಾರ್ತಿಯಾಗಿಸಿ, ತನ್ನನ್ನು ಎರೆಯಾಗಿ ಬಳಸಿಕೊಂಡರೆಂದು ಸಾನಿಯಾ ಬಹಿರಂಗವಾಗಿ ಬರೆದರು. ಲಂಡನ್ನಿನಿಂದ ಪದಕ ಬರಲಿಲ್ಲ. ಬಂದಿದ್ದು ಭೂಪತಿ, ಬೋಪಣ್ಣ ಇಬ್ಬರಿಗೂ ಎರಡು ವರ್ಷದ ನಿಷೇಧ. ಅದಕ್ಕೆ ತಡೆಯಾಜ್ಞೆ ಸಿಕ್ಕಿದ್ದು ಕರ್ನಾಟಕ ಹೈಕೋರ್ಟಿನಲ್ಲಿ, ಟೆನಿಸ್ ಕ್ರೀಡಾಂಗಣವಿರುವ ಅದೇ ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಟ್ಟಡದಲ್ಲಿ.

ಆ ದಿನಗಳ ವರದಿಗಳನ್ನು ಈಗ ನೆನೆದರೆ ಒಂದು ವಿಚಿತ್ರ ಕಾಣುತ್ತದೆ. ದೇಶಕ್ಕಿಂತ ಅಹಂಕಾರ ದೊಡ್ಡದೇ ಎಂದು ಆಟಗಾರರನ್ನು ದಿನಾ ಕೇಳಿದರು. ಒಲಿಂಪಿಕ್ಸ್‌ಗೆ ಕೆಲವೇ ವಾರ ಇರುವಾಗ ಜೊತೆಯಾಗಿ ಅಭ್ಯಾಸವೇ ಮಾಡದವರನ್ನು ಜೋಡಿ ಮಾಡಲು ಹೊರಟವರು ಯಾರು, ಯಾವ ಲೆಕ್ಕದಿಂದ ಎಂದು ಅಷ್ಟೇ ಜೋರಾಗಿ ಕೇಳಿದವರು ವಿರಳ. ಆಟಗಾರನ ಮುಖಕ್ಕೆ ಮೈಕು ಹಿಡಿಯುವುದು ಸುಲಭ. ಸಂಸ್ಥೆಗೆ ಮುಖವೇ ಇರುವುದಿಲ್ಲ.

2014ರ ಸೆಪ್ಟೆಂಬರಿನಲ್ಲಿ ಸರ್ಬಿಯಾ ಎದುರಿನ ಡೇವಿಸ್ ಕಪ್ ಬೆಂಗಳೂರಿಗೆ ಬಂದಾಗ ಜೊತೆಯಾಗಿ ನಿಂತವರು, ಎರಡು ವರ್ಷದ ಹಿಂದೆ ಒಲ್ಲೆ ಎನಿಸಿಕೊಂಡಿದ್ದ ಪೇಸ್ ಮತ್ತು ಒಲ್ಲೆ ಎಂದಿದ್ದ ಬೋಪಣ್ಣ. ಮೊದಲ ಎರಡು ಸೆಟ್ಟು ಸೋತು, ಮುಂದಿನ ಮೂರನ್ನೂ ಗೆದ್ದು, ಐದನೆಯದನ್ನು 8–6ರಲ್ಲಿ ಮುಗಿಸಿದರು. ಸೆಟ್ಟು ಸೆಟ್ಟಿಗೂ ಏರುತ್ತ ಹೋದ ಆ ಕೂಗಿನಲ್ಲಿ ಯಾರು ಯಾರ ಪಕ್ಷ ಎಂಬುದು ಕರಗಿಹೋಯಿತು. ಭಾರತ ಕೊನೆಗೆ 2–3ರಿಂದ ಸೋತಿತೆನ್ನಿ.

2017ರ ಏಪ್ರಿಲ್‌ನಲ್ಲಿ ಉಜ್ಬೇಕಿಸ್ತಾನದ ತಂಡ ಬಂದ ಹೊತ್ತಿಗೆ ನೇರಳೆ ಮಾರ್ಗದ ಮೆಟ್ರೊ ಪಡುವಣ ಬಡಾವಣೆಗಳನ್ನು ಕಬ್ಬನ್ ಪಾರ್ಕಿಗೆ ಬೆಸೆದು ಒಂದು ವರ್ಷವಾಗುತ್ತ ಬಂದಿತ್ತು. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸುವ ಕಷ್ಟವಿಲ್ಲದೆ, ವಿಜಯನಗರದಲ್ಲಿ ಹತ್ತಿದವರು ಕಬ್ಬನ್ ಪಾರ್ಕಿನಲ್ಲಿ ಇಳಿಯಬಹುದಿತ್ತು. ಆಡದ ನಾಯಕ ಭೂಪತಿ ಡಬಲ್ಸ್‌ಗೆ ಬೋಪಣ್ಣ ಮತ್ತು ಶ್ರೀರಾಮ್ ಬಾಲಾಜಿಯನ್ನು ಆರಿಸಿ ಪೇಸ್‌ರನ್ನು ಕೈಬಿಟ್ಟರು. ಭಾರತ ಗೆದ್ದಿತು, ವಾರವಿಡೀ ಓಡಿದ ಸುದ್ದಿ ಮಾತ್ರ ಕೈಬಿಟ್ಟಿದ್ದರದು.

ಅದೇ ವರ್ಷದ ಜೂನ್ 8ರಂದು ಬೋಪಣ್ಣ, ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ, ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. 37ನೆಯ ವಯಸ್ಸಿಗೆ ಮೊದಲ ಗ್ರ್ಯಾನ್‌ಸ್ಲಾಮ್. ಅದೇ ದಿನ ಲಂಡನ್ನಿನಲ್ಲಿ ಭಾರತದ ಕ್ರಿಕೆಟ್ ತಂಡ ಚಾಂಪಿಯನ್ಸ್ ಟ್ರೋಫಿಯಲ್ಲಿ 321 ರನ್ ಹೊಡೆದೂ ಶ್ರೀಲಂಕಾಗೆ ಸೋತಿತ್ತು. ಬೇಕರಿಗಳ ಮುಂದೆ ಅಂದು ರಾತ್ರಿ ವಿಚಾರಣೆಗೊಳಗಾದವರು ಬೌಲರ್‌ಗಳು. ಕೆಲವೇ ದಿನಗಳಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಅರ್ಜುನ ಪ್ರಶಸ್ತಿಗೆ ಬೋಪಣ್ಣರ ಹೆಸರನ್ನು ಟೆನಿಸ್ ಸಂಸ್ಥೆ ಗಡುವು ಮುಗಿದ ಮೇಲೆ ಕಳಿಸಿತ್ತು. ಸಾಮಾನ್ಯವಾಗಿ ಬಾಯಿ ಬಿಡದ ಬೋಪಣ್ಣ ಆ ಸಲ ನೊಂದು ಬಹಿರಂಗವಾಗಿಯೇ ಮಾತಾಡಿದರು. ಪ್ರಶಸ್ತಿ ಬಂದಿದ್ದು 2018ರಲ್ಲಿ, ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ವರ್ಷ.

ನಲವತ್ತು ದಾಟಿದ ಮೇಲೆ ಎಲ್ಲ ತಿರುಗಿತು. 2024ರ ಜನವರಿ 27ರಂದು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯಾ ಓಪನ್ ಗೆದ್ದಾಗ ಬೋಪಣ್ಣರಿಗೆ 43. ಡಬಲ್ಸ್‌ನಲ್ಲಿ ಮೊದಲ ಬಾರಿಗೆ ವಿಶ್ವದ ಒಂದನೇ ಸ್ಥಾನಕ್ಕೇರಿದವರಲ್ಲಿ ಅತಿ ಹಿರಿಯರು. ಪದ್ಮಶ್ರೀ ಬಂತು, ಮುಖ್ಯಮಂತ್ರಿ ಸಿದ್ದರಾಮಯ್ಯ 50 ಲಕ್ಷ ರೂಪಾಯಿ ಕೊಟ್ಟು ಸನ್ಮಾನಿಸಿದರು. ಡಬಲ್ಸ್ ಎಂಬ ಕೊಂಕು ಎಲ್ಲಿ ಹೋಯಿತೋ ಕಾಣಲಿಲ್ಲ. ಅದರ ಜಾಗದಲ್ಲಿ ವಯಸ್ಸು ಬಂದು ಕುಳಿತಿತ್ತು. ಬೆಳಗಿನ ನಡಿಗೆಯ ಗುಂಪುಗಳಲ್ಲಿ, ಮಂಡಿ ನೋವಿನ ಮಾತಿನ ನಡುವೆ ಅವರ ಹೆಸರು ಬರತೊಡಗಿತು: ಮಂಡಿಯ ಮೃದ್ವಸ್ಥಿ ಸವೆದವರಂತೆ, ಯೋಗ ಮಾಡಿ ಗೆದ್ದರಂತೆ. ಅವರ ಸರ್ವಿನ ಬಲ, ನೆಟ್‌ ಬಳಿಯ ಕೈಚಳಕ, ಇಪ್ಪತ್ತು ವರ್ಷ ಹತ್ತಾರು ಜೊತೆಗಾರರ ಲಯಕ್ಕೆ ಒಗ್ಗಿಕೊಂಡ ಹದ, ಇವು ಅಲ್ಲಿಯೂ ಮಾತಿಗೆ ಬಂದಂತಿಲ್ಲ.

ಬೋಪಣ್ಣ ನಿವೃತ್ತಿ ಘೋಷಿಸಿದ್ದು 2025ರ ನವೆಂಬರ್ 1ರಂದು. ಪಡುವಣ ಬಡಾವಣೆಗಳಲ್ಲಿ ಅಂದು ರಾಜ್ಯೋತ್ಸವದ ಬಾವುಟ, ಆರ್ಕೆಸ್ಟ್ರಾ, ಆಟೊ ನಿಲ್ದಾಣಗಳಲ್ಲಿ ಭುವನೇಶ್ವರಿಯ ಚಿತ್ರಕ್ಕೆ ಹಾರ. ಮರುದಿನ ರಾತ್ರಿ ನವಿ ಮುಂಬೈಯಲ್ಲಿ ಭಾರತದ ಮಹಿಳೆಯರು ಕ್ರಿಕೆಟ್ ವಿಶ್ವಕಪ್ ಗೆದ್ದರು. ರಾಜಾಜಿನಗರದಲ್ಲಿ ಪಟಾಕಿ ಹಾರಿದ್ದು ಆಗ.