ಎರಡನೇ ಮಾಲೀಕನ ಚರಿತ್ರೆ

ಭಾರತದ ಸಣ್ಣ ಕಾರಿನ ಚರಿತ್ರೆ ಬರೆಯುವವರೆಲ್ಲ ಒಂದೇ ಕಡೆಯಿಂದ ಶುರು ಮಾಡ್ತಾರೆ. 1983ರ ಡಿಸೆಂಬರ್ 14. ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. ಲಾಟರಿಯಲ್ಲಿ ಹೆಸರು ಬಂದ ಅದೃಷ್ಟವಂತರು ಅವರು. ಕಾರಿನ ನಂಬರ್ ಡಿಐಎ 6479. 2010ರಲ್ಲಿ ತೀರಿಕೊಳ್ಳುವ ತನಕ ಅವರು ಅದನ್ನು ಮಾರಲೇ ಇಲ್ಲ. ಆಮೇಲೆ ಕಂಪನಿಯವರು ಅದನ್ನು ಹೊಸದರ ಹಾಗೆ ಮಾಡಿಸಿ ತಮ್ಮ ಮುಖ್ಯ ಕಚೇರಿಯಲ್ಲಿ ಇಟ್ಟಿದ್ದಾರೆ.

ಚಂದದ ಕಥೆ, ಆದರೆ ನಮ್ಮೂರಿನ ಕಥೆ ಅಲ್ಲ. ಕಾರ್ಕಳದ ಒಳಗಿನ ಹಳ್ಳಿಗಳಿಗೆ, ಕಾಪುವಿನ ಪಡುಭಾಗದ ಮನೆಗಳಿಗೆ ಕಾರು ಬಂದದ್ದು ಶೋರೂಮಿನಿಂದ ಅಲ್ಲ, ಇನ್ನೊಬ್ಬರ ಅಂಗಳದಿಂದ. ಮೊದಲ ಮಾಲೀಕರ ಫೋಟೋ ಪೇಪರಿನಲ್ಲಿ ಬರ್ತದೆ. ಎರಡನೇ, ಮೂರನೇ ಮಾಲೀಕರ ಹೆಸರು ಬರುವುದು ಆರ್‌ಸಿಯಲ್ಲಿ ಮಾತ್ರ. ನಮ್ಮಂಥ ಸಾಫ್ಟ್‌ವೇರ್‌ನವರ ಭಾಷೆಯಲ್ಲಿ ಹೇಳುವುದಾದರೆ, ಲಾಂಚ್ ಆದ ದಿನ ಎಲ್ಲರಿಗೂ ಗೊತ್ತುಂಟು, ಆಮೇಲೆ 20 ವರ್ಷ ಮೇಂಟೆನೆನ್ಸ್ ಮಾಡಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ಈ ಲೇಖನ ಆ ಎರಡನೇ ಮಾಲೀಕನ ಬಗ್ಗೆ.

ಮೊದಲು ಒಂದು ಮಾತು. ‘ಹ್ಯಾಚ್‌ಬ್ಯಾಕ್’ ಅನ್ನುವ ಶಬ್ದ ಊರಿನಲ್ಲಿ ಯಾರೂ ಬಳಸಿದ್ದು ನಾನು ಕೇಳಿಲ್ಲ. ಹಿಂದಿನ ಬಾಗಿಲು ಗಾಜಿನ ಸಮೇತ ಮೇಲಕ್ಕೆ ಏಳುವ, ಡಿಕ್ಕಿ ಬೇರೆಯಾಗಿ ಚಾಚಿಕೊಂಡಿರದ ಕಾರಿಗೆ ನಮ್ಮಲ್ಲಿ ಇದ್ದ ಹೆಸರು ‘ಸಣ್ಣ ಕಾರು’. ಇನ್ನೂ ಸರಿಯಾಗಿ ಹೇಳಬೇಕೆಂದರೆ ‘ಮಾರುತಿ’. ಬೇರೆ ಕಂಪನಿಯ ಕಾರು ಬಂದ ಮೇಲೂ ಸ್ವಲ್ಪ ಕಾಲ ಅದನ್ನೂ ಮಾರುತಿ ಅಂತಲೇ ಕರೆದದ್ದುಂಟು.

ಅದಕ್ಕಿಂತ ಮೊದಲು ಕರಾವಳಿ ಅಂದರೆ ಬಸ್ಸು. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಹಳಬರ ಬಾಯಲ್ಲಿ ಸಿ.ಪಿ.ಸಿ., 1914ರಲ್ಲೇ ಶುರುವಾಗಿತ್ತು. ಖಾಸಗಿ ಬಸ್ಸಿನ ಗಡಿಬಿಡಿ, ಕಂಡಕ್ಟರನ ಸೀಟಿ, ಇವೆಲ್ಲ ಇಲ್ಲಿಯ ರಕ್ತದಲ್ಲೇ ಬಂದದ್ದು. ಬಸ್ಸಿನ ಜೊತೆಗೇ ರಿಪೇರಿಯ ವಿದ್ಯೆಯೂ ಬಂತು. 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ವಾಮನ ಶ್ರೀನಿವಾಸ ಕುಡ್ವರೇ ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಕಟ್ಟಿ ವಾಹನಗಳ ಲೀಫ್ ಸ್ಪ್ರಿಂಗ್ ತಯಾರಿಸಿದರು. ಬ್ಯಾಂಕೂ ಪಟ್ಟಾ ಸ್ಪ್ರಿಂಗೂ ಒಂದೇ ತಲೆಯಿಂದ ಬಂದ ಊರು ಇದು.

ಕಾರು ಮಾತ್ರ ದೂರದ ವಸ್ತು. ಇದ್ದದ್ದು ಅಂಬಾಸಿಡರ್, ಇಲ್ಲವೇ ಫಿಯೆಟ್, ಅದೇ 1974ರ ನಂತರ ಪದ್ಮಿನಿ ಆಯಿತು. ಅಂಬಾಸಿಡರ್ ಅಂದರೆ ಸ್ಟ್ಯಾಂಡಿನ ಬಾಡಿಗೆ ಕಾರು. ಮದುವೆಗೆ, ಆಸ್ಪತ್ರೆಗೆ, ಇಲ್ಲವೇ ಬೊಂಬಾಯಿಯಿಂದ ಬಂದವರನ್ನು ಕರೆತರಲಿಕ್ಕೆ. ಹೊಸ ಕಾರಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಹಾಗಾಗಿ ಹಳೇ ಕಾರು ಅಗ್ಗ ಅನ್ನುವ ಮಾತೇ ಇರಲಿಲ್ಲ. ಪೂರೈಕೆ ಕಡಿಮೆ ಇದ್ದಾಗ ಹಳತಿಗೂ ಹೊಸತರ ಬೆಲೆ. ಸೆಕೆಂಡ್ ಹ್ಯಾಂಡ್ ಕಾರು ಬಡವರ ಕಾರು ಆಗಬೇಕಾದರೆ ಮೊದಲು ಹೊಸ ಕಾರು ಧಾರಾಳವಾಗಿ ಸಿಗಬೇಕು. ಮಾರುತಿ ಮಾಡಿದ್ದು ಅದನ್ನು.

ಮಾರುತಿಯ ಹಿನ್ನೆಲೆ ಎಲ್ಲರಿಗೂ ಗೊತ್ತಿದ್ದದ್ದೇ, ಚುಟುಕಾಗಿ ಹೇಳ್ತೇನೆ. 1971ರಲ್ಲಿ ಸಂಜಯ್ ಗಾಂಧಿಯವರ ಕಂಪನಿ ಹುಟ್ಟಿತು, ಜನರಿಗೆ ಕಾರು ಮುಟ್ಟಲಿಲ್ಲ. 1980ರಲ್ಲಿ ಅವರು ತೀರಿಕೊಂಡ ಮೇಲೆ ಸರಕಾರ ಅದನ್ನು ವಹಿಸಿಕೊಂಡಿತು. 1981ರಲ್ಲಿ ಮಾರುತಿ ಉದ್ಯೋಗ್ ಆಯಿತು, 1982ರ ಅಕ್ಟೋಬರಿನಲ್ಲಿ ಜಪಾನಿನ ಸುಝುಕಿಯ ಜೊತೆ ಒಪ್ಪಂದ. 796 ಸಿಸಿ, ಮೂರು ಸಿಲಿಂಡರ್, ಮುಂದಿನ ಚಕ್ರಕ್ಕೆ ಶಕ್ತಿ, ಬೆಲೆ 50 ಸಾವಿರದ ಆಸುಪಾಸು. 1986ರಲ್ಲಿ ನಾವೆಲ್ಲ ‘ಮಾರುತಿ 800’ ಅಂತ ಗುರುತಿಸುವ ಆಕಾರ ಬಂತು.

ಉಡುಪಿ ಕಡೆ ಇದನ್ನು ಮೊದಲು ಕೊಂಡವರು ಯಾರು ಅಂತ ಊಹಿಸಲಿಕ್ಕೆ ಕಷ್ಟವಿಲ್ಲ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, ಬ್ಯಾಂಕಿನ ದೊಡ್ಡ ಕಚೇರಿ, ಇವೆಲ್ಲ ಮಣಿಪಾಲದ ಗುಡ್ಡೆಯ ಮೇಲೆ ಡಾಕ್ಟರು, ಪ್ರೊಫೆಸರು, ಆಫೀಸರುಗಳ ಒಂದು ಊರನ್ನೇ ಕಟ್ಟಿದ್ದವು. ತಿಂಗಳ ಸಂಬಳ ಉಂಟು, ಸಾಲ ಸಿಗ್ತದೆ. ಇನ್ನೊಂದು ಕಡೆ ಬೊಂಬಾಯಿಯ ಹೋಟೆಲಿನವರು, ಗಲ್ಫಿಗೆ ಹೋದವರು. ಕಾರು ಬಂದದ್ದು ಇವರ ಮನೆಗೆ.

ಅಲ್ಲಿಂದ ಅದು ಕೆಳಗೆ ಇಳಿದ ರೀತಿ ಗದ್ದೆಗೆ ನೀರು ಬಿಟ್ಟ ಹಾಗೆ. ನಮ್ಮಲ್ಲಿ ಬೆಟ್ಟು, ಮಜಲು, ಬೈಲು ಅಂತ ಗದ್ದೆಗಳುಂಟು. ಮೇಲಿನದು ತುಂಬಿದ ಮೇಲೆಯೇ ಕಟ್ಟದ ಕಂಡಿಯಿಂದ ಕೆಳಗಿನದಕ್ಕೆ ನೀರು. 1993ರಲ್ಲಿ ಝೆನ್ ಬಂತು, ಡಾಕ್ಟರು 800 ಕೊಟ್ಟು ಝೆನ್ ತಗೊಂಡರು. 1998ರಲ್ಲಿ ಸ್ಯಾಂಟ್ರೋ ಮತ್ತು ಇಂಡಿಕಾ, 1999ರಲ್ಲಿ ವ್ಯಾಗನ್ ಆರ್, 2000ದಲ್ಲಿ ಆಲ್ಟೋ. ಒಂದೊಂದು ಹೊಸ ಮಾಡೆಲ್ ಬಂದಾಗಲೂ ಮೇಲಿನ ಗದ್ದೆ ತುಂಬಿ ಒಂದಷ್ಟು ಹಳೇ 800 ಕೆಳಗೆ ಹರಿಯಿತು. ಮಣಿಪಾಲದಿಂದ ಹಿರಿಯಡ್ಕಕ್ಕೆ, ಅಲ್ಲಿಂದ ಬೈಲೂರಿಗೆ, ಅಲ್ಲಿಂದ ಇನ್ನೂ ಒಳಗೆ. ಶಾಲೆ ಮಾಸ್ಟ್ರು, ಅಂಗಡಿಯವರು, ಅಡುಗೆ ಭಟ್ಟರು. ನಮ್ಮ ಮನೆಗೆ 1996ರ ಮಾಡೆಲಿನ ಬಿಳಿ 800 ಬಂದದ್ದು 2004ರಲ್ಲಿ, ಮೂರನೇ ಮಾಲೀಕರಾಗಿ. ಅದರಲ್ಲಿ ನಾವು ಐದು ಜನ ಹೋದದ್ದಕ್ಕಿಂತ ಹಿಂಡಿಯ ಗೋಣಿ, ತೆಂಗಿನಕಾಯಿ ಹೋದದ್ದೇ ಹೆಚ್ಚು. ಹಿಂದಿನ ಸೀಟು ಮಡಚಿದರೆ ಅದು ಪಿಕಪ್ಪು. ಹ್ಯಾಚ್‌ಬ್ಯಾಕಿನ ಅರ್ಥ ಊರಿನವರಿಗೆ ಶಬ್ದ ಗೊತ್ತಿಲ್ಲದೆಯೇ ಆಗಿತ್ತು.

ಈ ಕಾರು ಹಳ್ಳಿಯಲ್ಲಿ ನಿಂತದ್ದಕ್ಕೆ ಕಾರಣ ಬರೀ ಬೆಲೆ ಅಲ್ಲ, ತೂಕ. 650 ಕಿಲೋ ಆಸುಪಾಸಿನ ಕಾರು ಚರಂಡಿಗೆ ಇಳಿದರೆ ಗದ್ದೆಯಿಂದ ನಾಲ್ಕು ಜನರನ್ನು ಕರೆದರೆ ಸಾಕು, ಎತ್ತಿ ಇಡ್ತಾರೆ. ಅಂಬಾಸಿಡರನ್ನು ಹಾಗೆ ಎತ್ತಿ ನೋಡಿ! ಮಳೆಗಾಲದಲ್ಲಿ ಮುರಕಲ್ಲಿನ ಚಡಾವು ಹತ್ತುವಾಗ ಮುಂದಿನ ಚಕ್ರ ಸುಮ್ಮನೆ ತಿರುಗಿದರೆ ಡ್ರೈವರುಗಳು ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುವುದುಂಟು. ನೋಡುವವರಿಗೆ ತಮಾಷೆ, ಆದರೆ ಅದು ಪಕ್ಕಾ ಫಿಸಿಕ್ಸ್. ಚಡಾವಿನಲ್ಲಿ ಭಾರ ಕೆಳಗಿನ ಚಕ್ರಗಳ ಮೇಲೆ ಬೀಳ್ತದೆ. ರಿವರ್ಸಿನಲ್ಲಿ ಹತ್ತುವಾಗ ಕೆಳಗಿರುವುದು ಎಂಜಿನ್ ತಿರುಗಿಸುವ ಚಕ್ರ, ಹಾಗಾಗಿ ಹಿಡಿತ ಸಿಗ್ತದೆ. ಇದನ್ನು ಯಾವ ಓನರ್ಸ್ ಮ್ಯಾನ್ಯುವಲಿನಲ್ಲೂ ಬರೆದಿರಲಿಕ್ಕಿಲ್ಲ.

ಇನ್ನು ಮೇಂಟೆನೆನ್ಸ್. ಕರಾವಳಿಯಲ್ಲಿ ಹಳೇ ಕಾರು ಸಾಯುವುದು ಎಂಜಿನ್‌ನಿಂದ ಅಲ್ಲ, ತುಕ್ಕಿನಿಂದ. ಕಾಪು ದೀಪಸ್ತಂಭ ಕಟ್ಟಿದ್ದು 1901ರಲ್ಲಿ, ಅದು ಬಂಡೆಯ ಮೇಲೆ ನಿಂತಿದೆ, ಉಪ್ಪು ಗಾಳಿ ಅದನ್ನು ಏನೂ ಮಾಡಲಿಲ್ಲ. ಅದೇ ಗಾಳಿಗೆ ಹೊರಗೆ ನಿಲ್ಲಿಸಿದ ಕಾರಿನ ಬಾಗಿಲಿನ ಕೆಳಅಂಚು ಕೆಲವೇ ವರ್ಷಗಳಲ್ಲಿ ಹಪ್ಪಳದ ಹಾಗೆ ಉಬ್ಬುತ್ತದೆ. ಹಾಗಾಗಿ ಹಳೇ ಕಾರು ನೋಡಲಿಕ್ಕೆ ಹೋಗುವಾಗ ‘ಯಾವ ಮಾಡೆಲ್’ ಅಂತ ಕೇಳುವುದರ ಜೊತೆಗೆ ‘ಎಲ್ಲಿ ನಿಲ್ಲುತ್ತಿತ್ತು’ ಅಂತಲೂ ಕೇಳಬೇಕು. ಕಾರ್ಕಳದ ಶೆಡ್ಡಿನಲ್ಲಿ ನಿಂತ 12 ವರ್ಷದ ಕಾರು ಕಾಪುವಿನ ತೆಂಗಿನ ಮರದ ಬುಡದಲ್ಲಿ ನಿಂತ 6 ವರ್ಷದ ಕಾರಿಗಿಂತ ಗಟ್ಟಿ ಇರಬಹುದು. ಮ್ಯಾಟ್ ಎತ್ತಿ ನೆಲ ನೋಡಿ. ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ. ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗದಲ್ಲಿ ಹೊಸ ಪೇಂಟ್ ಬಳಿದಿದ್ದರೆ ಉಗುರಿನಲ್ಲಿ ಕುಟ್ಟಿ ನೋಡಿ, ಪಟ್ಟಿ ತುಂಬಿದ್ದರೆ ಶಬ್ದವೇ ಬೇರೆ ಬರ್ತದೆ.

ಕಾರ್ಬ್ಯುರೇಟರ್ ಕಾಲದ 800 ಆಟಿ ತಿಂಗಳ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಒಂದು ದೇವರ ಕೆಲಸ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ತೇವ. ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ, ಚೋಕ್ ಎಳೆದು ತಿರುಗಿಸುವುದು. ಬಾವಿ ನೀರನ್ನೇ ರೇಡಿಯೇಟರಿಗೆ ಹಾಕಿ ಹಾಕಿ ಒಳಗೆ ಕೆಂಪು ಕೆಸರು. ಕೂಲೆಂಟ್ ಅನ್ನುವ ಶಬ್ದ ಊರಿಗೆ ಬಂದದ್ದು ಎಷ್ಟೋ ತಡವಾಗಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಕೇಳಿದರೆ ಮಾರುವವರು ಆಕಾಶ ನೋಡ್ತಾರೆ. ಉತ್ತರ ಸಿಗದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಿಡಿದು, ಆ ಖರ್ಚನ್ನು ಬೆಲೆಯಿಂದ ಕಳೆಯಬೇಕು. ಮತ್ತೆ ಇಲಿ. ಬಿಸಿ ಎಂಜಿನ್ನು, ಮೆದು ವಯರು, ಅದಕ್ಕೆ ಅದಕ್ಕಿಂತ ಒಳ್ಳೆಯ ಪಿ.ಜಿ. ಎಲ್ಲಿ ಸಿಗಬೇಕು!

ಇದನ್ನೆಲ್ಲ ನಿಭಾಯಿಸಿದವರು ರಸ್ತೆ ಬದಿಯ ಗ್ಯಾರೇಜಿನವರು, ಟಿಂಕರಿಂಗ್‌ನವರು, ಲೇತಿನವರು. ಎಲ್ಲೆಡೆ ಒಂದೇ ಮಾಡೆಲ್ ತುಂಬಿದ್ದಕ್ಕೆ ಬಿಡಿಭಾಗ ಪ್ರತಿ ಪೇಟೆಯಲ್ಲೂ ಸಿಗುತ್ತಿತ್ತು, ಕೈ ಪಳಗಿದ ಹುಡುಗರೂ ಇದ್ದರು. 2000ದ ಹೊತ್ತಿಗೆ ಎಂಪಿಎಫ್‌ಐ ಬಂದಾಗ, ಸ್ಕ್ರೂಡ್ರೈವರಿನಲ್ಲಿ ಟ್ಯೂನ್ ಮಾಡುತ್ತಿದ್ದವರು ಸೆನ್ಸರ್ ಕಲಿಯಬೇಕಾಯಿತು. ಕಲಿತರು ಸಹ. ನಾವು ಹೊಸ ಫ್ರೇಮ್‌ವರ್ಕ್ ಕಲಿತರೆ ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಳ್ತೇವೆ, ಅವರು ಹಾಕಿಕೊಳ್ಳಲಿಲ್ಲ, ಅಷ್ಟೇ ವ್ಯತ್ಯಾಸ.

ಮಣಿಪಾಲಕ್ಕೆ ಈ ಚರಿತ್ರೆಯಲ್ಲಿ ಇನ್ನೊಂದು ಪಾತ್ರ ಉಂಟು. ದೇಶದ ಮೂಲೆಮೂಲೆಯಿಂದ ವಿದ್ಯಾರ್ಥಿಗಳು ಬರುವ ಊರು, ಅವರ ಜೊತೆ ಅವರ ರಾಜ್ಯದ ನಂಬರ್ ಪ್ಲೇಟ್‌ಗಳೂ ಬರ್ತವೆ. ಕೋರ್ಸ್ ಮುಗಿದಾಗ ಕೆಲವರು ಇಲ್ಲಿಯೇ ಕೊಟ್ಟು ಹೋಗ್ತಾರೆ. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಕಾರುಗಳಿಗೆ ನಿರ್ಬಂಧ ಬಿದ್ದ ಮೇಲೆ ಅಲ್ಲಿಯ ಕಾರುಗಳೂ ಎನ್‌ಓಸಿ ಹಿಡಿದು ದಕ್ಷಿಣದ ದಾರಿ ಹಿಡಿದವು. ಅಗ್ಗ ಕಂಡೀತು. ಆದರೆ ಬೇರೆ ರಾಜ್ಯದ ಕಾರು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಇಲ್ಲಿಯ ನಂಬರ್ ಮಾಡಿಸಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಕೆಎ-20 ಆಗುವಷ್ಟರಲ್ಲಿ ಅಗ್ಗ ಅನ್ನುವುದು ಎಷ್ಟು ಉಳಿಯಿತು ಅಂತ ಮೊದಲೇ ಲೆಕ್ಕ ಹಾಕಿ.

ಅದಕ್ಕಿಂತ ಮುಖ್ಯವಾದದ್ದು ಹೆಸರು ವರ್ಗಾವಣೆ. ನಮ್ಮಲ್ಲಿ ನಂಬಿಕೆಯ ಮೇಲೆ ಕಾರು ಕೊಡುವುದು ಮಾಮೂಲು. ‘ಆಮೇಲೆ ಮಾಡುವ ಮಾರಾಯ್ರೆ’ ಅಂತ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಮರೆತುಬಿಡುವುದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾರಿದವರು ಒಂದೇ ರಾಜ್ಯದೊಳಗಾದರೆ 14 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಕಾರು ಮಾರುವ ಪ್ರತಿಯೊಬ್ಬರೂ ತಿಳಿದಿರಬೇಕು. 2007ರಲ್ಲಿ ಮಾರಿದ ಕಾರು, ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತವಾಯಿತು. ಆರ್‌ಸಿಯಲ್ಲಿ ಮಾತ್ರ ಮೊದಲಿನವರದ್ದೇ ಹೆಸರು. ದಾಖಲೆಯಲ್ಲಿ ಯಾರ ಹೆಸರುಂಟೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದ್ದೇ ಅಂತ ಕೋರ್ಟು ಹೇಳಿತು. ಇದು ಕೊಳ್ಳುವವರಿಗಿಂತ ಮಾರುವವರಿಗೆ ದೊಡ್ಡ ಪಾಠ. ಇನ್ಶೂರೆನ್ಸ್ ಕೂಡ ಕೂಡಲೇ ಹೊಸ ಹೆಸರಿಗೆ ಆಗಬೇಕು. ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಅದು ಮಾರಿದವರ ಜೊತೆಗೇ ಹೋಗ್ತದೆ.

ಇಷ್ಟು ಹಳೇ ಮಾತು. ಈಗ ಏನಾಗ್ತಾ ಉಂಟು? ಹೊಸ ಹೊಗೆ ನಿಯಮದಿಂದಾಗಿ 2010ರಲ್ಲಿ 13 ದೊಡ್ಡ ನಗರಗಳಲ್ಲಿ 800ರ ಮಾರಾಟ ನಿಂತಿತು, 2014ರ ಜನವರಿಯಲ್ಲಿ ತಯಾರಿಯೇ ನಿಂತಿತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕೊನೆಯ 800ಗಳಿಗೂ 2029ಕ್ಕೆ 15 ತುಂಬುತ್ತದೆ. ನವೀಕರಣದ ಶುಲ್ಕ ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟಿನ ನಿಯಮದಲ್ಲಿ 20 ವರ್ಷ ದಾಟಿದ ಕಾರಿಗೆ 10,000. ಇದರ ಮೇಲೆ ಗ್ರೀನ್ ಟ್ಯಾಕ್ಸ್ ಬೇರೆ. 2021ರಲ್ಲಿ ಗುಜರಿ ನೀತಿಯೂ ಬಂತು.

ಹೊಗೆಯ ವಿಷಯದಲ್ಲಿ ಸರಕಾರದ ವಾದ ಸುಳ್ಳಲ್ಲ. ಕಾರ್ಬ್ಯುರೇಟರಿನ ಕಾರು ಇವತ್ತಿನ ಕಾರಿಗಿಂತ ಹೆಚ್ಚು ಕೊಳೆ ಉಗುಳುತ್ತದೆ, ಅಪಘಾತದಲ್ಲಿ ಅದರೊಳಗೆ ಇರುವವರಿಗೆ ರಕ್ಷಣೆಯೂ ಕಡಿಮೆ. ಆದರೆ ವರ್ಷಕ್ಕೆ 2,000 ಕಿಲೋಮೀಟರ್ ಓಡುವ ಹಳ್ಳಿಯ ಕಾರನ್ನೂ ದಿನಕ್ಕೆ 60 ಓಡುವ ಪೇಟೆಯ ಕಾರನ್ನೂ ಹುಟ್ಟಿದ ತಾರೀಕಿನಿಂದ ಮಾತ್ರ ಅಳೆದರೆ ಲೆಕ್ಕ ತಪ್ಪುತ್ತದೆ. ಮೆಷಿನ್ನಿನಲ್ಲಿ ಬ್ರೇಕು, ಹೊಗೆ, ಚಾಸಿಯ ತುಕ್ಕು ನಿಜವಾಗಿ ಪರೀಕ್ಷೆ ಮಾಡಿ. ಫೇಲ್ ಆದರೆ ಗುಜರಿಗೆ ಹೋಗಲಿ, ಪಾಸ್ ಆದರೆ ವಯಸ್ಸಿಗೆ ದಂಡ ಯಾಕೆ?

ಇದು ಬರೀ ಹಳೇ ಕಾರಿನ ಮೋಹ ಅಲ್ಲ. ಕಾರ್ಕಳದಿಂದ ಮಣಿಪಾಲದ ಆಸ್ಪತ್ರೆಗೆ 35 ಕಿಲೋಮೀಟರಿನಷ್ಟು ದಾರಿ, ಒಳಗಿನ ಹಳ್ಳಿಗಳಿಂದ ಇನ್ನೂ ಜಾಸ್ತಿ. ಕೊನೆಯ ಬಸ್ಸು ಹೋದ ಮೇಲೆ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಬಂದರೆ, ವಾಡೆಯ ನಾಲ್ಕು ಮನೆಯವರು ಬಾಗಿಲು ತಟ್ಟುವುದು ಆ ಒಂದು ಹಳೇ ಕಾರು ಇರುವ ಮನೆಯದ್ದು. ಮಕ್ಕಳು ಬೆಂಗಳೂರಿನಲ್ಲಿ, ದುಬಾಯಿಯಲ್ಲಿ. ಮನೆಯಲ್ಲಿ ಅಪ್ಪ, ಅಮ್ಮ, ಒಂದು ದನ, ಒಂದು 800. ನವೀಕರಣಕ್ಕೆ 10,000 ಯಾಕೆ ಅಂತ ಅಪ್ಪ ಕಾರನ್ನು ಗುಜರಿಗೆ ಕೊಟ್ಟರೆ ಹೋಗುವುದು ಒಂದು ಮನೆಯ ಕಾರಲ್ಲ, ಒಂದು ವಾಡೆಯ ಆಂಬುಲೆನ್ಸು.

ಹಾಗಾಗಿ ಬೆಂಗಳೂರಿನಲ್ಲಿ ಕೂತು ಹೊಸ ಕಾರಿನ ಇಎಂಐ ಲೆಕ್ಕ ಹಾಕುವ ನನ್ನ ವಯಸ್ಸಿನವರಿಗೆ ಎರಡು ಮಾತು. ಚೌತಿಗೋ ದೀಪಾವಳಿಗೋ ಊರಿಗೆ ಹೋದಾಗ ಮನೆಯ ಕಾರಿನ ಆರ್‌ಸಿ ತೆಗೆದು ನೋಡಿ. ನೋಂದಣಿ ಯಾವತ್ತಿಗೆ ಮುಗೀತದೆ, ಇನ್ಶೂರೆನ್ಸ್ ಉಂಟಾ, ಹೆಸರು ಯಾರದ್ದು. ಬಾಕಿ ಇದ್ದರೆ ಅರ್ಧ ದಿನ ರಜೆ ಹಾಕಿ ಮಾಡಿಸಿ ಬನ್ನಿ. ಹಾಗೆಯೇ ಈ ಕಾರು ನಿಮಗಿಂತ ಮೊದಲು ಯಾರ ಮನೆಯಲ್ಲಿತ್ತು ಅಂತ ಅಪ್ಪನ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಆರ್‌ಸಿ ಕಾರ್ಡಿನಲ್ಲಿ ಇವತ್ತಿನ ಮಾಲೀಕರ ಹೆಸರು ಮಾತ್ರ ಇರ್ತದೆ, ಹಿಂದಿನವರದ್ದು ಅಪ್ಪನಿಗೆ ಮಾತ್ರ ನೆನಪುಂಟು.