ಹೊರಕ್ಕೆ ತೆರೆಯುವ ಬಾಗಿಲು

ಚಿತ್ರಮಂದಿರದ ಬಾಗಿಲುಗಳು ಯಾವ ಕಡೆಗೆ ತೆರೆಯುತ್ತವೆ ಎಂಬುದನ್ನು ನೀವು ಗಮನಿಸಿದ್ದೀರಾ? ಮನೆಯ ಬಾಗಿಲು ಸಾಮಾನ್ಯವಾಗಿ ಒಳಕ್ಕೆ ತೆರೆಯುತ್ತದೆ. ಜನ ಸೇರುವ ಕಟ್ಟಡದ ಬಾಗಿಲು ಹೊರಕ್ಕೆ ತೆರೆಯಬೇಕು. ಈ ಸಣ್ಣ ವ್ಯತ್ಯಾಸದ ಹಿಂದೆ ದುಃಖದ ಇತಿಹಾಸವೊಂದಿದೆ.

1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್‌ಲೆಂಡ್ ಪಟ್ಟಣದ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳಿಗಾಗಿ ಪ್ರದರ್ಶನವೊಂದು ನಡೆಯಿತು. ಕೊನೆಯಲ್ಲಿ ಕೆಳಗೆ ಬಹುಮಾನ ಹಂಚತೊಡಗಿದಾಗ, ತಮಗೆಲ್ಲಿ ತಪ್ಪಿಹೋಗುವುದೋ ಎಂದು ಮೇಲಿನ ಗ್ಯಾಲರಿಯ ಮಕ್ಕಳು ಮೆಟ್ಟಿಲಿಳಿದು ಓಡಿದರು. ಮೆಟ್ಟಿಲ ಬುಡದಲ್ಲಿದ್ದ ಬಾಗಿಲು ಒಳಕ್ಕೆ ತೆರೆಯುವಂಥದು. ಒಬ್ಬೊಬ್ಬರೇ ಹಾದುಹೋಗುವಷ್ಟು ಸಂದು ಬಿಟ್ಟು ಅದಕ್ಕೆ ಅಗುಳಿ ಹಾಕಿದ್ದರು. ಮುಂದಿದ್ದವರು ಸಿಕ್ಕಿಕೊಂಡದ್ದು ಹಿಂದಿನವರಿಗೆ ತಿಳಿಯಲಿಲ್ಲ. 183 ಮಕ್ಕಳು ಸತ್ತರು. ಅಲ್ಲಿ ಬೆಂಕಿ ಇರಲಿಲ್ಲ, ಕಟ್ಟಡ ಕುಸಿದಿರಲಿಲ್ಲ. ಇದ್ದದ್ದು ಒಂದು ಅಗುಳಿ ಮಾತ್ರ.

ಮನರಂಜನೆಯ ಸ್ಥಳಗಳಲ್ಲಿ ಹೊರಕ್ಕೆ ತೆರೆಯುವ ಸಾಕಷ್ಟು ಬಾಗಿಲುಗಳಿರಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು ಈ ದುರಂತದ ನಂತರ. ಹೊರಗಿನಿಂದ ಮುಚ್ಚಿದ್ದರೂ ಒಳಗಿನಿಂದ ತಳ್ಳಿದೊಡನೆ ತೆರೆದುಕೊಳ್ಳುವ ಅಗುಳಿಗೆ ರಾಬರ್ಟ್ ಅಲೆಕ್ಸಾಂಡರ್ ಬ್ರಿಗ್ಸ್ 1892ರಲ್ಲಿ ಪೇಟೆಂಟ್ ಪಡೆದರು.

ಆದರೂ 1903ರ ಡಿಸೆಂಬರ್ 30ರಂದು ಅಮೆರಿಕದ ಷಿಕಾಗೋದಲ್ಲಿ ಇರೋಕ್ವಾ ರಂಗಮಂದಿರಕ್ಕೆ ಬೆಂಕಿ ಬಿದ್ದಾಗ ಹಲವು ಬಾಗಿಲುಗಳು ತೆರೆಯಲೇ ಇಲ್ಲ. ಸುಮಾರು 600 ಜನ ಸತ್ತರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಹೊಗೆ ತುಂಬಿ 59 ಮಂದಿ ಅಸುನೀಗಿದರು. ಹೆಚ್ಚುವರಿ ಕುರ್ಚಿಗಳು ಅಲ್ಲಿನ ಬಾಲ್ಕನಿಯ ಒಂದು ದಾರಿಯನ್ನೇ ಮುಚ್ಚಿದ್ದವು.

ಇದರಿಂದ ತಿಳಿಯುವುದೇನು? ಬಾಗಿಲು ಹೇಗಿರಬೇಕೆಂದು ಕಾನೂನು ಹೇಳಬಲ್ಲದು. ಇಂದು ಅದಕ್ಕೆ ಬೀಗ ಬಿದ್ದಿದೆಯೇ, ಅಡ್ಡ ಕುರ್ಚಿ ಇಟ್ಟಿದ್ದಾರೆಯೇ ಎಂದು ನೋಡುವ ಕಣ್ಣು ಅಲ್ಲಿರುವವರದೇ ಆಗಬೇಕು.

ಆದ್ದರಿಂದ ಸಭಾಂಗಣವಾಗಲಿ, ಕಲ್ಯಾಣಮಂಟಪವಾಗಲಿ, ಒಳಹೊಕ್ಕೊಡನೆ ಹೊರಹೋಗುವ ಎರಡು ದಾರಿಗಳನ್ನು ಗುರುತಿಸಿಕೊಳ್ಳಿ. ಬಾಗಿಲಿಗೆ ಬೀಗವಿದ್ದರೆ ಸಂಕೋಚಪಡದೆ ಹಿರಿಯರಿಗೆ ತಿಳಿಸಿ. ಹೊಗೆ ಕವಿದರೆ ಬಗ್ಗಿ ನಡೆಯಿರಿ. ನೆಲದ ಬಳಿ ಗಾಳಿ ತಿಳಿಯಾಗಿರುತ್ತದೆ. ಲಿಫ್ಟ್ ಬಳಸಬೇಡಿ. ಹೊರಬಂದ ಮೇಲೆ 112ಕ್ಕೆ ಕರೆ ಮಾಡಿ.

ಇಂದು ರಾತ್ರಿ ನಿಮ್ಮ ಮನೆಯಲ್ಲೂ ಒಂದು ಪ್ರಶ್ನೆ ಕೇಳಿ: ಗ್ರಿಲ್ ಬಾಗಿಲಿನ ಬೀಗದ ಕೈ ಎಲ್ಲಿದೆ? ದೀಪ ಆರಿದಾಗಲೂ ಅದು ಮನೆಯವರೆಲ್ಲರ ಕೈಗೆ ಸಿಗುವಂತಿರಲಿ.