ಕುಕ್ಕರಹಳ್ಳಿ ಕೆರೆ ಏರಿಯ ಸಂಜೆಗಳು

ಮೈಸೂರಿನ ಕುಕ್ಕರಹಳ್ಳಿ ಕೆರೆ ವಾಯುವಿಹಾರಕ್ಕೆಂದು ಹುಟ್ಟಿದ್ದಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಕಟ್ಟಿಸಿದ್ದು ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸಲು. ಪಶ್ಚಿಮದ ದಿಣ್ಣೆಗಳಲ್ಲಿ ಸುರಿದ ಮಳೆ ಪೂರ್ಣಯ್ಯ ನಾಲೆ ಹಿಡಿದು ಬಂದು ಇಲ್ಲಿ ನಿಲ್ಲುತ್ತಿತ್ತು. ದಿವಾನ್ ಪೂರ್ಣಯ್ಯನವರು ಕಾವೇರಿಯನ್ನೇ ಮೈಸೂರಿಗೆ ತರಲು ಹೊರಟು, ಕೈಗೂಡದೆ ನಿಂತ ಕೆಲಸದ ಕುರುಹು ಆ ನಾಲೆ.

ಊರು ಬೆಳೆದಂತೆ ಗದ್ದೆಗಳು ಬಡಾವಣೆಗಳಾದವು. ನೀರು ಕೇಳುವವರು ಕಡಿಮೆಯಾದರು. ಏರಿಯ ಮೇಲೆ ಮಾತ್ರ ಹೊತ್ತು ಇಳಿಯುವ ವೇಳೆಗೆ ಒಂಟಿಯಾಗಿ ನಡೆಯುವವರು ಕಾಣಿಸತೊಡಗಿದರು.

ಅವರಲ್ಲಿ ಮೊದಲು ನೆನಪಾಗುವವರು ಕುವೆಂಪು. ಓದಲೆಂದು ಮಲೆನಾಡಿನಿಂದ ಮೈಸೂರಿಗೆ ಬಂದ ಅವರಿಗೆ ಕುಪ್ಪಳಿಯ ಕಾಡು ದೂರವಾಗಿತ್ತು. ಬಯಲು ಸೀಮೆಯ ಈ ಊರಿನಲ್ಲಿ ನೀರು, ಮರ, ಹಕ್ಕಿ, ತೆರೆದ ಆಕಾಶ ಒಟ್ಟಿಗೆ ಸಿಕ್ಕಿದ್ದು ಈ ಕೆರೆಯಲ್ಲಿ. ವಿದ್ಯಾರ್ಥಿಯಾಗಿದ್ದಾಗಲೂ, ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುವಾಗಲೂ ಅವರ ನಡಿಗೆ ಇತ್ತಲೇ ತಿರುಗುತ್ತಿತ್ತು. ಮುಂದೆ ಅವರು ಕುಲಪತಿಯಾಗಿದ್ದಾಗ ರೂಪುಗೊಂಡ ವಿಶ್ವವಿದ್ಯಾಲಯದ ಹೊಸ ಆವರಣ ಇದೇ ಕೆರೆಯ ಮಗ್ಗುಲಲ್ಲಿ ನೆಲೆಯಾಯಿತು. ಅದಕ್ಕೆ ಮಾನಸಗಂಗೋತ್ರಿ ಎಂಬ ಹೆಸರಿಟ್ಟವರೂ ಅವರೇ.

ಆರ್.ಕೆ. ನಾರಾಯಣ್ ಅವರಿಗೂ ಈ ಕೆರೆ ಹತ್ತಿರದ್ದು. ಪರೀಕ್ಷೆಯಲ್ಲಿ ನಪಾಸಾಗಿ, ಮುಂದಿನ ತರಗತಿಗೆ ಕಾಯುತ್ತಿದ್ದ ದಿನಗಳಲ್ಲಿ ಪುಸ್ತಕ ಹಿಡಿದು ಇಲ್ಲಿ ಅಲೆದದ್ದನ್ನು ಅವರು ಆತ್ಮಕಥೆ ‘ಮೈ ಡೇಸ್’ನಲ್ಲಿ ನೆನೆದಿದ್ದಾರೆ.

ಅಂತರ್ಮುಖಿಗಳಿಗೆ ಈ ದಾರಿ ಒಗ್ಗಿದ್ದರಲ್ಲಿ ಅಚ್ಚರಿಯಿಲ್ಲ. ಕೆರೆಯ ಸುತ್ತಳತೆ ಸುಮಾರು 5 ಕಿಲೋಮೀಟರ್. ಒಂದು ಸುತ್ತು ಮುಗಿಸಲು ತಾಸು ಸಾಕು. ಎದುರಾದವರಿಗೆ ತಲೆಯಾಡಿಸಿದರೆ ಮುಗಿಯಿತು, ನಿಂತು ಮಾತಾಡಲೇಬೇಕೆಂದಿಲ್ಲ. ಬಾನು ಕೆಂಪಾಗುತ್ತಿದ್ದಂತೆ ನೀರುಕಾಗೆಗಳೂ ಬೆಳ್ಳಕ್ಕಿಗಳೂ ಗುಂಪುಗುಂಪಾಗಿ ಮರಕ್ಕೆ ಮರಳುತ್ತವೆ. ಹೆಜ್ಜಾರ್ಲೆಗಳು ತಡವಾಗಿಯೂ ನೀರಿನಲ್ಲಿ ತೇಲುತ್ತಿರುತ್ತವೆ. ದಿನವಿಡೀ ಜನರ ನಡುವೆ ದಣಿದ ಮನಸ್ಸಿಗೆ ಇದಕ್ಕಿಂತ ಒಳ್ಳೆಯ ಔಷಧ ಮೈಸೂರಿನಲ್ಲಿ ಇನ್ನೊಂದಿಲ್ಲ.

ಆದರೆ ಕೆರೆಯ ಆರೋಗ್ಯ ಕೆಟ್ಟದ್ದೂ ಇತಿಹಾಸವೇ. ಮಳೆನೀರು ತರುತ್ತಿದ್ದ ನಾಲೆ ಬಡಾವಣೆಗಳ ನಡುವೆ ಅಲ್ಲಲ್ಲಿ ತುಂಡಾಯಿತು. ಅದರ ಬದಲು ಮನೆಗಳ ಕೊಳಚೆ ಹರಿದುಬಂತು. ಹೂಳೆತ್ತುವ, ಕೊಳಚೆ ತಡೆಯುವ ಕೆಲಸ ಆಗಾಗ ನಡೆದಿದೆ, ಅಷ್ಟರಿಂದಲೇ ಮುಗಿಯುವುದಿಲ್ಲ. ಏರಿಯ ಮೇಲೆ ದೀಪ, ಕಲ್ಲುಬೆಂಚು ಹೆಚ್ಚಿಸುವ ಮೊದಲು ಪೂರ್ಣಯ್ಯ ನಾಲೆಯ ಒತ್ತುವರಿ ತೆರವಾಗಬೇಕು, ಮಳೆನೀರು ಮತ್ತೆ ಕೆರೆ ಸೇರಬೇಕು. ಅದನ್ನು ಒತ್ತಾಯಿಸಬೇಕಾದವರು ಅಲ್ಲಿ ಪ್ರತಿ ಸಂಜೆ ನಡೆಯುವ ಮೈಸೂರಿಗರೇ.